ಬಾವಿಗೊಂದು ಕೈಪಂಪು

ಕರಾವಳಿಯಲ್ಲೂ ಮಲೆನಾಡಿನಲ್ಲೂ ನೀರಿನ ಕಷ್ಟ ಬೇಸಗೆಗೆ ಮಾತ್ರ ಮೀಸಲಲ್ಲ. ಆಷಾಢದ ಮಳೆಗೆ ಬಾವಿ ಕಟ್ಟೆಯ ಸಮೀಪದವರೆಗೂ ತುಂಬಿರುತ್ತದೆ, ಅಡುಗೆಮನೆಯ ನಲ್ಲಿಯಲ್ಲಿ ಮಾತ್ರ ತೊಟ್ಟು ನೀರಿಲ್ಲ. ಎಲ್ಲೋ ತಂತಿಯ ಮೇಲೆ ಮರ ಬಿದ್ದಿದೆ, ಮೋಟಾರು ಓಡುತ್ತಿಲ್ಲ, ಟ್ಯಾಂಕಿನಲ್ಲಿದ್ದದ್ದು ಮುಗಿದುಹೋಗಿದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ಮರುವರ್ಷದ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯ ಸುತ್ತ ನೆರೆ ಬಂದಾಗ, ಎಷ್ಟೋ ಮನೆಗಳು ದಿನಗಟ್ಟಲೆ ಕರೆಂಟಿಲ್ಲದೆ ಇದ್ದವು. ಅಂಗಳದಲ್ಲೇ ನೀರಿದ್ದೂ ಅದನ್ನು ಮೇಲೆತ್ತುವ ದಾರಿ ಇಲ್ಲದ ಸ್ಥಿತಿ ಅದು.

ಹಿಂದೆ ಹೀಗಾಗುತ್ತಿರಲಿಲ್ಲ. ಬಾವಿ ಎಂದರೆ ರಾಟೆ, ಹಗ್ಗ, ಕೊಡಪಾನ ಅದರ ಜೊತೆಗೇ ಇರುತ್ತಿದ್ದವು. ಮೋಟಾರು ಬಂದ ಮೇಲೆ ರಾಟೆ ಅಟ್ಟ ಸೇರಿತು. ಬಾವಿಯ ಬಾಯಿಗೆ ಬಲೆಯೋ ಕಾಂಕ್ರೀಟ್ ಹಲಗೆಯೋ ಬಂತು. ಮಕ್ಕಳು ಬೀಳದಂತೆ, ಕಸಕಡ್ಡಿ ಸೇರದಂತೆ ಬಾವಿ ಮುಚ್ಚುವುದು ಒಳ್ಳೆಯದೇ. ಮುಚ್ಚಿದ ಬಾವಿಯನ್ನು ಮತ್ತೆ ತೆರೆಯದೆ, ಹಗ್ಗ ಇಳಿಸದೆ, ಬಗ್ಗಿ ನೋಡದೆ ನೀರೆತ್ತುವ ಸಾಧನ ಒಂದಿದೆ. ಅದೇ ಕೈಪಂಪು. ಮೋಟಾರಿಗೆ ಅದು ಎದುರಾಳಿಯಲ್ಲ. ಮೋಟಾರು ನಿಂತ ದಿನ ಮನೆಯನ್ನು ನಡೆಸುವ ಜೊತೆಗಾರ. ಅದನ್ನು ಕೂರಿಸುವ ಕೆಲಸದಲ್ಲಿ ದೊಡ್ಡ ಯಂತ್ರವಿದ್ಯೆ ಇಲ್ಲ, ಆದರೆ ಶ್ರದ್ಧೆ ಬೇಡುವ ಸಣ್ಣ ಸಣ್ಣ ಸೂಕ್ಷ್ಮಗಳು ಬಹಳ ಇವೆ. ಅವನ್ನು ತಿಳಿದವರ ಕೈಯಲ್ಲಿ ಅದು ನೋಡಬೇಕಾದ ಕಸುಬು.

ಎರಡು ವಾಲ್ವುಗಳ ಯಂತ್ರ

ಕೈಪಂಪಿನ ಒಳಗಿರುವುದು ಒಂದು ಸಿಲಿಂಡರ್, ಅದರಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್, ಮತ್ತು ಎರಡು ವಾಲ್ವುಗಳು. ಒಂದು ವಾಲ್ವು ಸಿಲಿಂಡರಿನ ತಳದಲ್ಲಿದೆ, ಇನ್ನೊಂದು ಪಿಸ್ಟನ್ನಿನಲ್ಲೇ ಇದೆ. ಎರಡೂ ಮೇಲ್ಮುಖವಾಗಿ ಮಾತ್ರ ತೆರೆಯುವ ಬಾಗಿಲುಗಳಿದ್ದಂತೆ. ಹಿಡಿಕೆಯನ್ನು ಕೆಳಗೆ ಒತ್ತಿದಾಗ ಪಿಸ್ಟನ್ ಮೇಲೇರುತ್ತದೆ. ಅದರ ವಾಲ್ವು ಮುಚ್ಚಿಕೊಂಡು ಮೇಲಿದ್ದ ನೀರನ್ನು ಎತ್ತಿ ಬಾಯಿಯಿಂದ ಹೊರಚೆಲ್ಲುತ್ತದೆ. ಅದೇ ಹೊತ್ತಿಗೆ ಪಿಸ್ಟನ್ನಿನ ಕೆಳಗೆ ಒತ್ತಡ ತಗ್ಗಿ, ತಳದ ವಾಲ್ವು ತೆರೆದು ಹೊಸ ನೀರು ಒಳಬರುತ್ತದೆ. ಹಿಡಿಕೆ ಮೇಲೆತ್ತಿದಾಗ ತಳದ ವಾಲ್ವು ಮುಚ್ಚುತ್ತದೆ, ಪಿಸ್ಟನ್ನಿನ ವಾಲ್ವು ತೆರೆಯುತ್ತದೆ, ಒಳಬಂದ ನೀರು ಪಿಸ್ಟನ್ನನ್ನು ದಾಟಿ ಮೇಲಕ್ಕೆ ಸೇರುತ್ತದೆ. ಇಷ್ಟೇ ಇದರ ರಹಸ್ಯ. ಪಿಸ್ಟನ್ನಿನ ಅಂಚಿನಲ್ಲಿ ಸಿಲಿಂಡರಿಗೆ ಒತ್ತಿಕೊಂಡು ನೀರು ಸೋರದಂತೆ ಕಾಯುವುದು ಬಟ್ಟಲಿನಾಕಾರದ ಒಂದು ವಾಷರ್. ಮೊದಲು ಅದನ್ನು ಚರ್ಮದಿಂದ ಮಾಡುತ್ತಿದ್ದರು, ಈಗ ರಬ್ಬರಿನದ್ದೂ ಸಿಗುತ್ತದೆ.

ಪಂಪು ನೀರನ್ನು ಎಳೆಯುತ್ತದೆ ಎಂದು ನಾವೆಲ್ಲ ಹೇಳುತ್ತೇವೆ. ನಿಜದಲ್ಲಿ ನೀರನ್ನು ಮೇಲಕ್ಕೆ ತಳ್ಳುವುದು ಬಾವಿಯ ನೀರಿನ ಮೇಲೆ ಕೂತಿರುವ ಗಾಳಿಯ ಭಾರ. ಬಾವಿಯಲ್ಲಿ ಎಷ್ಟೇ ನೀರಿದ್ದರೂ ಹೀರುವ ಪಂಪು ಒಂದು ಆಳಕ್ಕಿಂತ ಕೆಳಗಿನಿಂದ ನೀರು ತರಲಾರದು ಎಂಬುದನ್ನು ಗೆಲಿಲಿಯೋ ತನ್ನ 1638ರ ಪುಸ್ತಕದಲ್ಲಿ ಬರೆದಿದ್ದ. ಅದಕ್ಕೆ ಕಾರಣ ಗಾಳಿಯ ಒತ್ತಡ ಎಂಬುದನ್ನು ಕೆಲವೇ ವರ್ಷಗಳಲ್ಲಿ ಅವನ ಶಿಷ್ಯ ಟಾರಿಚೆಲ್ಲಿ ಪಾದರಸದ ಕೊಳವೆಯಿಂದ ತೋರಿಸಿಕೊಟ್ಟ. ಸಮುದ್ರಮಟ್ಟದಲ್ಲಿ ಗಾಳಿಯ ಭಾರ ಹೊರಬಲ್ಲ ನೀರಿನ ಕಂಬ ಸುಮಾರು 10.3 ಮೀಟರ್ ಮಾತ್ರ. 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು ಇನ್ನೂ ಒಂದು ಮೀಟರಿನಷ್ಟು ಕಡಿಮೆ. ವಾಷರಿನ ಸೋರಿಕೆ, ಪೈಪಿನ ತಿಕ್ಕಾಟ ಎಲ್ಲ ಕಳೆದರೆ ಕೆಲಸಕ್ಕೆ ಬರುವ ಆಳ ಕರಾವಳಿಯಲ್ಲಿ ಸುಮಾರು 22 ಅಡಿ, ಬೆಂಗಳೂರು, ಮಡಿಕೇರಿಯಂಥ ಎತ್ತರದ ಊರುಗಳಲ್ಲಿ 18ರಿಂದ 20 ಅಡಿ. ಎಷ್ಟು ಬೆಲೆಯ ಪಂಪು ತಂದರೂ ಈ ಮಿತಿ ಮೀರುವುದಿಲ್ಲ. ಇದನ್ನು ಅರಿಯದೆ ಕೊಂಡ ಪಂಪು ಮೂಲೆಗೆ ಸೇರುತ್ತದೆ.

ಮೊದಲು ಅಳತೆ

ಅದಕ್ಕೇ ಕಸುಬು ತಿಳಿದವರು ಅಂಗಡಿಗೆ ಹೋಗುವ ಮೊದಲು ಬಾವಿಯ ಹತ್ತಿರ ಹೋಗುತ್ತಾರೆ. ನೈಲಾನ್ ಹಗ್ಗದ ತುದಿಗೆ ಒಂದು ಭಾರ ಕಟ್ಟಿ ಇಳಿಸಿದರೆ ಬೇಕಾದ ಎರಡು ಅಳತೆ ಸಿಗುತ್ತವೆ. ಪಂಪು ಕೂರುವ ಜಾಗದಿಂದ ನೀರಿನ ಮಟ್ಟಕ್ಕೆ ಎಷ್ಟು, ತಳಕ್ಕೆ ಎಷ್ಟು. ಮುರಕಲ್ಲಿನ ನೆಲದ ಬಾವಿಗಳಲ್ಲಿ ಜುಲೈಯಲ್ಲಿ ಐದಾರು ಅಡಿಗೇ ಸಿಗುವ ನೀರು ಮೇ ತಿಂಗಳಲ್ಲಿ ಮೂವತ್ತು ಅಡಿಗೆ ಇಳಿದಿರಬಹುದು. ಆದ್ದರಿಂದ ಅಳತೆಯನ್ನು ಏಪ್ರಿಲ್, ಮೇ ತಿಂಗಳಲ್ಲೇ ತೆಗೆಯಬೇಕು. ಆಮೇಲೆ ಮನೆಯವರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಮ್ಮ ತೊಂದರೆ ಯಾವ ತಿಂಗಳದ್ದು? ಕರೆಂಟು ಹೋಗುವುದು ಮಳೆಗಾಲದಲ್ಲಿ ಮಾತ್ರ, ಆಗ ನೀರು ಇಪ್ಪತ್ತು ಅಡಿಯೊಳಗೇ ಇರುತ್ತದೆ ಎಂದಾದರೆ ಹೀರುವ ಸಾದಾ ಕೈಪಂಪು ಸಾಕು. ವರ್ಷವಿಡೀ ಬೇಕು, ಬೇಸಗೆಯಲ್ಲಿ ನೀರು ಅದಕ್ಕಿಂತ ಕೆಳಗಿರುತ್ತದೆ ಎಂದಾದರೆ ಬೇರೆ ಜಾತಿಯ ಪಂಪು ಬೇಕು.

ಆ ಬೇರೆ ಜಾತಿಯ ಉಪಾಯ ಸರಳ. ಸಿಲಿಂಡರನ್ನು ಮೇಲಿಡುವ ಬದಲು ಕೆಳಗೆ ನೀರಿನಲ್ಲೇ ಮುಳುಗಿಸಿಡುವುದು, ಹಿಡಿಕೆಯಿಂದ ಅಲ್ಲಿಯವರೆಗೆ ಸರಳು ಇಳಿಸುವುದು. ಆಗ ನೀರನ್ನು ಹೀರುವ ಮಾತೇ ಇಲ್ಲ, ಎತ್ತುವುದಷ್ಟೇ. ಗಾಳಿಯ ಮಿತಿಯೂ ಅಡ್ಡ ಬರುವುದಿಲ್ಲ. ಸುಮಾರು 15 ಮೀಟರ್ ಆಳದವರೆಗೆ ಲಿವರ್ ಇಲ್ಲದೆ, ಅಡ್ಡಹಿಡಿಯನ್ನು ಎರಡೂ ಕೈಯಲ್ಲಿ ನೇರ ಮೇಲೆತ್ತಿ ಇಳಿಸುವ ಪಂಪುಗಳಿವೆ. 1980ರ ದಶಕದಲ್ಲಿ ಬಾಂಗ್ಲಾದೇಶದಲ್ಲಿ ರೂಪುಗೊಂಡ 'ತಾರಾ' ಪಂಪು ಇದಕ್ಕೆ ಒಳ್ಳೆಯ ಮಾದರಿ. ಅದರ ಸರಳು ಕಬ್ಬಿಣದ್ದಲ್ಲ, ಎರಡೂ ತುದಿ ಮುಚ್ಚಿದ ಪಿವಿಸಿ ಕೊಳವೆ. ಒಳಗೆ ಗಾಳಿಯಿರುವುದರಿಂದ ಅದು ನೀರಿನಲ್ಲಿ ತೇಲಲು ನೋಡುತ್ತದೆ, ಎತ್ತುವ ಕೈಗೆ ಅಷ್ಟರಮಟ್ಟಿಗೆ ಭಾರ ಕಡಿಮೆಯಾಗುತ್ತದೆ. ಅದಕ್ಕೂ ಆಳದ ಕೊಳವೆ ಬಾವಿಗಳಿಗೆ ನಮ್ಮ ಊರೂರಿನ ರಸ್ತೆ ಬದಿಯಲ್ಲಿ ನಿಂತಿರುವ ಇಂಡಿಯಾ ಮಾರ್ಕ್ 2 ಇದೆ.

ಸೊಲ್ಲಾಪುರದಿಂದ ಬಂದ ಪಾಠ

ಮಾರ್ಕ್ 2ರ ಕತೆಯಲ್ಲಿ ಮನೆಬಾವಿಗೂ ಒಂದು ಪಾಠವಿದೆ. 1967ರ ಬಿಹಾರದ ಬರದ ಹೊತ್ತಿಗೆ ಗಟ್ಟಿ ಬಂಡೆ ಕೊರೆಯುವ ಯಂತ್ರಗಳು ದೇಶಕ್ಕೆ ಬಂದವು, ಹಳ್ಳಿಹಳ್ಳಿಯಲ್ಲೂ ಕೊಳವೆ ಬಾವಿಗಳಾದವು. ಅವುಗಳ ಮೇಲೆ ಕೂರಿಸಿದ್ದು ಎರಕದ ಕಬ್ಬಿಣದ ಪಂಪು. ಯುರೋಪ್, ಅಮೆರಿಕದಲ್ಲಿ ಒಂದೊಂದು ಮನೆಯ ಬಳಕೆಗೆಂದು ಮಾಡಿದ ಮಾದರಿಯ ನಕಲು ಅದು. ಬೆಳಗಿನಿಂದ ಸಂಜೆಯವರೆಗೆ ಇಡೀ ಊರು ಒತ್ತತೊಡಗಿದಾಗ ಅದು ತಾಳಲಿಲ್ಲ. ಹಿಡಿಕೆಯ ಕೀಲು ಸವೆಯಿತು, ಸರಳು ಮುರಿಯಿತು, ಪಂಪುಗಳು ಸಾಲುಸಾಲಾಗಿ ಕೆಟ್ಟು ನಿಂತವು. ಆಗ ದಾರಿ ತೋರಿಸಿದ್ದು ಕನ್ನಡಿಗರೂ ಬಹಳ ಮಂದಿ ಇರುವ ಸೊಲ್ಲಾಪುರ. ಅಲ್ಲಿ ಮಿಷನರಿಗಳ ಬಾವಿ ಕೆಲಸದಲ್ಲಿ ರೂಪುಗೊಂಡ ಗಟ್ಟಿ ಉಕ್ಕಿನ ಪಂಪನ್ನು ಆಧಾರವಾಗಿಟ್ಟುಕೊಂಡು ಯುನಿಸೆಫ್, ಕೇಂದ್ರ ಸರ್ಕಾರ ಮತ್ತು ಮದರಾಸಿನ ಎಂಜಿನಿಯರುಗಳು ಸೇರಿ 1970ರ ದಶಕದಲ್ಲಿ ಮಾರ್ಕ್ 2 ಸಿದ್ಧಮಾಡಿದರು. ಅದರ ವಿನ್ಯಾಸವನ್ನು ಯಾರ ಸ್ವತ್ತೂ ಆಗಲು ಬಿಡದೆ ಎಲ್ಲರಿಗೂ ತೆರೆದಿಟ್ಟರು. ಯಾವ ಕಾರ್ಖಾನೆ ಬೇಕಾದರೂ ಮಾಡಬಹುದಿತ್ತು, ಆದರೆ ಐಎಸ್ 9301 ಮಾನಕದಂತೆ ಮಾಡಬೇಕಿತ್ತು. ಆ ಪಂಪು ಮುಂದೆ ಆಫ್ರಿಕದ ಹಳ್ಳಿಗಳಿಗೂ ಹೋಯಿತು.

ಅದರ ಹಿಡಿಕೆಯ ತುದಿಯಲ್ಲಿರುವ ತುಂಡು ಸರಪಳಿಯನ್ನು ನೋಡಿದರೆ ಮಾಡಿದವರ ಜಾಣ್ಮೆ ಅರ್ಥವಾಗುತ್ತದೆ. ಹಿಡಿಕೆ ಕಮಾನಿನಂತೆ ತೂಗುತ್ತದೆ, ಸರಳು ಮಾತ್ರ ಸದಾ ನೇರ ಗೆರೆಯಲ್ಲೇ ಏರಿ ಇಳಿಯುತ್ತದೆ. ಹೀಗಾಗಿ ಸರಳು ಓರೆಯಾಗಿ ಸವೆಯುವುದಿಲ್ಲ. ಲಿವರಿನ ಅನುಪಾತ 8ಕ್ಕೆ 1. ಸಿಲಿಂಡರಿನ ಒಳವ್ಯಾಸ 63.5 ಮಿಲಿಮೀಟರ್. ಸಿಲಿಂಡರ್ 30 ಮೀಟರ್ ಆಳದಲ್ಲಿದ್ದರೆ ಪಿಸ್ಟನ್ನಿನ ಮೇಲಿನ ನೀರಿನ ಭಾರ ಸುಮಾರು 95 ಕಿಲೋ, 12 ಮಿಲಿಮೀಟರ್ ಸರಳುಗಳದ್ದು ಸುಮಾರು 25 ಕಿಲೋ. ಒಟ್ಟು 120 ಕಿಲೋ ಭಾರ ಕೈಗೆ ಬರುವ ಹೊತ್ತಿಗೆ 15 ಕಿಲೋ ಆಗಿರುತ್ತದೆ. ಒಂದು ಒತ್ತಿಗೆ 400 ಮಿಲಿಲೀಟರಿಗೆ ಹತ್ತಿರ, 40 ಒತ್ತಿಗೆ ಒಂದು ದೊಡ್ಡ ಕೊಡ ನೀರು. ಸರಪಳಿ ಎಳೆಯಬಲ್ಲದು, ತಳ್ಳಲಾರದು. ಪಿಸ್ಟನ್ ಕೆಳಗಿಳಿಯುವುದು ಸರಳುಗಳ ಸ್ವಂತ ಭಾರದಿಂದಲೇ. ಆದ್ದರಿಂದ ಆಳ ತೀರಾ ಕಡಿಮೆಯಿರುವ ಬಾವಿಗೆ ಇದು ಹೊಂದುವುದಿಲ್ಲ.

ಪಾಠ ಇದು: ಪಂಪಿನಲ್ಲಿ ಒಳ್ಳೆಯದು, ಕೆಟ್ಟದು ಎಂಬುದಕ್ಕಿಂತ ಬಾವಿಗೂ ಬಳಕೆಗೂ ಹೊಂದುವುದು, ಹೊಂದದ್ದು ಎಂಬುದು ಮುಖ್ಯ. ಊರಿಗೆ ಸಾಲದೆ ಹೋದ ಎರಕದ ಕಬ್ಬಿಣದ ಪಂಪು ನಾಲ್ಕೈದು ಜನರ ಮನೆಗೆ, ಅದೂ ಆಪತ್ತಿನ ದಿನಗಳಿಗೆ, ಚೆನ್ನಾಗಿಯೇ ಒದಗುತ್ತದೆ. ಅದನ್ನು ಮಾಡಿದ್ದೇ ಅಂಥ ಮನೆಗಾಗಿ.

ಕೂರಿಸುವ ಕ್ರಮ

ಹೀರುವ ಪಂಪಿಗೆ ಬಾವಿಕಟ್ಟೆಯ ಪಕ್ಕ ಕಾಂಕ್ರೀಟಿನ ಪೀಠ ಮಾಡಿ, ಅದರಲ್ಲಿ ಬೋಲ್ಟುಗಳನ್ನು ಮೊದಲೇ ಹೂಳಬೇಕು. ಪೀಠ ಒಂದು ವಾರ ನೀರು ಕುಡಿದು ಗಟ್ಟಿಯಾಗುವ ತನಕ ಪಂಪು ಮುಟ್ಟಬಾರದು. ಹಸಿ ಪೀಠದ ಮೇಲೆ ಕೂತ ಪಂಪು ಮೊದಲ ತಿಂಗಳಲ್ಲೇ ಅಲ್ಲಾಡತೊಡಗುತ್ತದೆ, ಅಲ್ಲಾಡುವ ಪಂಪಿನ ಜೋಡಣೆಗಳು ಗಾಳಿ ಎಳೆಯುತ್ತವೆ. ಬಾವಿಗಿಳಿಯುವ ಪೈಪು ಮೋಟಾರಿನದ್ದಲ್ಲದೆ ಬೇರೆಯೇ ಇರಲಿ. ಮೋಟಾರಿನ ಪೈಪಿಗೇ ಒಂದು ಟೀ ಹಾಕಿ ಜೋಡಿಸಿದರೆ ಒಂದರ ದೋಷ ಇನ್ನೊಂದಕ್ಕೂ ತಗಲುತ್ತದೆ. ಆಪತ್ತಿಗೆಂದು ಇಟ್ಟದ್ದು ಆಪತ್ತಿನಲ್ಲೇ ಕೈಕೊಡುತ್ತದೆ.

ಪೈಪಿನ ಆಯ್ಕೆಯಲ್ಲಿ ನಮ್ಮ ನೆಲದ ಗುಣ ನೋಡಬೇಕು. ಮುರಕಲ್ಲಿನ ಪ್ರದೇಶದ ಬಾವಿ ನೀರು ಸಾಮಾನ್ಯವಾಗಿ ತುಸು ಆಮ್ಲೀಯ. ಅಂಥ ನೀರಿನಲ್ಲಿ ಜಿಐ ಪೈಪಿನ ಸತುವಿನ ಲೇಪ ಬೇಗ ಕರಗಿ, ಕಬ್ಬಿಣ ತುಕ್ಕು ಹಿಡಿದು, ನೀರು ಕೆಂಪಾಗುತ್ತದೆ. ಅಲ್ಲಿಗೆ ಗಟ್ಟಿ ಪಿವಿಸಿ ಪೈಪೇ ಮೇಲು. ತುದಿಗೆ ಜಾಲರಿಯಿರುವ ಫುಟ್‌ವಾಲ್ವ್ ಹಾಕಿ, ತಳದಿಂದ ಎರಡಡಿ ಮೇಲೆ ನಿಲ್ಲಿಸಬೇಕು. ಇನ್ನೂ ಕೆಳಗಿಟ್ಟರೆ ಕೆಸರು ಹೀರುತ್ತದೆ. ಬಾವಿಯ ಬಾಯಿಂದ ಪಂಪಿನವರೆಗೆ ಪೈಪು ಅಡ್ಡ ಹಾಯುವಲ್ಲಿ ಅದು ಪಂಪಿನ ಕಡೆಗೆ ಸ್ವಲ್ಪ ಸ್ವಲ್ಪವೇ ಏರುತ್ತ ಹೋಗಬೇಕು. ನಡುವೆ ಎಲ್ಲಾದರೂ ಉಬ್ಬಿದರೆ ಅಲ್ಲಿ ಗಾಳಿ ಸಿಕ್ಕಿಕೊಂಡು ನೀರಿನ ಸಾಲು ಕಡಿಯುತ್ತದೆ. ಬಾಗು ಕಡಿಮೆಯಿದ್ದಷ್ಟೂ ಒಳ್ಳೆಯದು.

ಜೋಡಣೆಗಳನ್ನು ಗಾಳಿಯಾಡದಂತೆ ಬಿಗಿಯುವುದರಲ್ಲಿ ಕಸುಬುದಾರ ಯಾರೆಂದು ತಿಳಿಯುತ್ತದೆ. ನೀರು ಸೋರಿದರೆ ಕಣ್ಣಿಗೆ ಕಾಣುತ್ತದೆ; ಹೀರುವ ಪೈಪಿನಲ್ಲಿ ಗಾಳಿ ಒಳನುಸುಳಿದರೆ ಏನೂ ಕಾಣುವುದಿಲ್ಲ, ನೀರು ಬರುವುದಿಲ್ಲ ಅಷ್ಟೆ. ಪಿವಿಸಿ ಆದರೆ ತುದಿಯನ್ನು ಒರೆಸಿ, ಉಜ್ಜಿ, ಅಂಟು ಎರಡೂ ಕಡೆ ಹಚ್ಚಿ, ತಳ್ಳಿ ಕಾಲುತಿರುವು ತಿರುಗಿಸಿ ಹಿಡಿಯಬೇಕು. ಮರೆ (ಥ್ರೆಡ್) ಇರುವ ಕಡೆ ಟೆಫ್ಲಾನ್ ಟೇಪನ್ನು ಮರೆ ತಿರುಗುವ ದಿಕ್ಕಿಗೇ ಸುತ್ತಬೇಕು. ಎಲ್ಲ ಮುಗಿದ ಮೇಲೆ ಪೈಪಿಗೆ ಮೇಲಿನಿಂದ ನೀರು ತುಂಬಿಸಿ ರಾತ್ರಿಯಿಡೀ ಬಿಡುತ್ತಾರೆ. ಬೆಳಿಗ್ಗೆ ಮಟ್ಟ ಇಳಿದಿರದಿದ್ದರೆ ಫುಟ್‌ವಾಲ್ವೂ ಜೋಡಣೆಗಳೂ ಸರಿಯಿವೆ ಎಂದರ್ಥ.

ಕೊಳವೆ ಬಾವಿಯ ಪಂಪು ಇಳಿಸುವ ಕೆಲಸ ಇನ್ನೂ ದೊಡ್ಡದು, ನೋಡಲೂ ಚೆಂದ. ಮೂರು ಕಾಲಿನ ಪೀಠವನ್ನು ಕೇಸಿಂಗ್ ಪೈಪಿನ ಸುತ್ತ ಕಾಂಕ್ರೀಟಿನಲ್ಲಿ ಹೂಳಿ, ಸಮಪಾತಳಿ ನೋಡಿ ನಿಲ್ಲಿಸುತ್ತಾರೆ. ಸಿಲಿಂಡರಿಗೆ ಮೊದಲ ಪೈಪು, ಪಿಸ್ಟನ್ನಿಗೆ ಮೊದಲ ಸರಳು ಜೋಡಿಸಿ ಇಳಿಸುತ್ತಾರೆ. ಪ್ರತಿ ಪೈಪೂ ಪ್ರತಿ ಸರಳೂ 3 ಮೀಟರ್ ಉದ್ದ. ಬಾಯಿಯಲ್ಲಿ ಕ್ಲ್ಯಾಂಪು ಪೈಪನ್ನು ಕಚ್ಚಿ ಹಿಡಿದಿರುತ್ತದೆ. ಒಬ್ಬರು ಮುಂದಿನ ಸರಳನ್ನು ಜೋಡಿಸುತ್ತಾರೆ, ಇನ್ನೊಬ್ಬರು ಅದರ ಮೇಲೆ ಪೈಪನ್ನು ಇಳಿಸಿ ಪೈಪ್ ರೆಂಚಿನಿಂದ ಬಿಗಿಯುತ್ತಾರೆ, ಉಳಿದವರು ಭಾರ ಎತ್ತಿ ಹಿಡಿದಾಗ ಕ್ಲ್ಯಾಂಪು ಸಡಿಲಿಸಿ ಇನ್ನೊಂದು 3 ಮೀಟರ್ ಇಳಿಸುತ್ತಾರೆ. ಹತ್ತು ಪೈಪು ಇಳಿಯುವ ಹೊತ್ತಿಗೆ ಪೈಪು ಸರಳುಗಳದ್ದೇ ನೂರು ಕಿಲೋ ದಾಟಿದ ಭಾರ. ಒಬ್ಬರ ಕೈ ಜಾರಿದರೂ ಎಲ್ಲವೂ ಕೊಳವೆಯ ತಳಕ್ಕೆ. ಹೀಗಾಗಿ ಈ ಕೆಲಸದಲ್ಲಿ ಅವಸರವಿಲ್ಲ, ಹೆಚ್ಚು ಮಾತೂ ಇಲ್ಲ. ಕೊನೆಯ ಸರಳನ್ನು ಪಂಪಿನ ನೀರಿನ ತೊಟ್ಟಿಯ ಅಂಚಿನ ಮಟ್ಟಕ್ಕೆ ಗುರುತು ಹಾಕಿ, ಗರಗಸದಿಂದ ಕತ್ತರಿಸಿ, ಹೊಸದಾಗಿ ಮರೆ ಕೊರೆದು ಸರಪಳಿಗೆ ಸೇರಿಸುತ್ತಾರೆ. ಆ ಅಳತೆ ತಪ್ಪಿದರೆ ಪಿಸ್ಟನ್ ಸಿಲಿಂಡರಿನ ತುದಿಗೆ ಬಡಿಯುತ್ತದೆ. ಸಬ್‌ಮರ್ಸಿಬಲ್ ಇರುವ ಆರು ಇಂಚಿನ ಕೊಳವೆಯಲ್ಲಿ ಎರಡಕ್ಕೂ ಜಾಗ ಇಕ್ಕಟ್ಟು. ಬಳಸದೆ ಬಿಟ್ಟ ಹಳೆಯ ಕೊಳವೆ ಬಾವಿಯಲ್ಲಿ ನೀರಿದ್ದರೆ ಕೈಪಂಪಿಗೆ ಅದೇ ಸರಿಯಾದ ಜಾಗ.

ಎಚ್ಚರದ ಮಾತು ಎರಡು. ಕೆಲಸ ಶುರುಮಾಡುವ ಮೊದಲು ಮೋಟಾರಿನ ಮೇನ್ ಸ್ವಿಚ್ ಇಳಿಸಿರಬೇಕು. ಬಾವಿಗೆ ಇಳಿಯಲೇಬೇಕಾದರೆ ಒಬ್ಬರೇ ಇಳಿಯಬಾರದು, ಸೊಂಟಕ್ಕೆ ಹಗ್ಗ ಇರಬೇಕು, ಮೇಲೆ ಎತ್ತಬಲ್ಲ ಜನ ಇರಬೇಕು. ಬಹಳ ದಿನ ಮುಚ್ಚಿದ ಬಾವಿಯಲ್ಲಿ ಉಸಿರಾಡುವ ಗಾಳಿ ಇರದೇ ಹೋಗಬಹುದು. ಕೆಸರು ತೆಗೆಯಲೆಂದು ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಿ ಓಡಿಸುವುದಂತೂ ಜೀವಕ್ಕೇ ಅಪಾಯ.

ನೀರಿನ ಶುದ್ಧಿ

ಕೈಪಂಪಿನಿಂದಾಗುವ ದೊಡ್ಡ ಉಪಕಾರವೆಂದರೆ ಬಾವಿಯನ್ನು ಪೂರ್ತಿ ಮುಚ್ಚಬಹುದು ಎಂಬುದು. ಮೆಟ್ಟಿಲಿಳಿದು ನೀರಿಗೇ ಕಾಲಿಡುವ ಬಾವಿಗಳಿಂದ ಉತ್ತರ ಕರ್ನಾಟಕದಲ್ಲೂ ಹರಡಿದ್ದ ನಾರುಹುಣ್ಣು ನಮ್ಮ ದೇಶದಿಂದ ಹೋದುದರಲ್ಲಿ ಮುಚ್ಚಿದ ಬಾವಿ ಮತ್ತು ಕೈಪಂಪುಗಳ ಪಾಲು ದೊಡ್ಡದು. 2000ದಲ್ಲಿ ಭಾರತ ಆ ರೋಗದಿಂದ ಮುಕ್ತವೆಂದು ಘೋಷಣೆಯಾಯಿತು. ಮನೆಬಾವಿಗೂ ಅದೇ ನಿಯಮ. ಶೌಚಗುಂಡಿ, ಹಟ್ಟಿಗಳಿಂದ ಬಾವಿ ಕನಿಷ್ಠ 50 ಅಡಿ ದೂರವಿರಬೇಕು. ಸುತ್ತ ಒಂದು ಮೀಟರ್ ಅಗಲದ ಸಿಮೆಂಟ್ ಕಟ್ಟೆ, ಚೆಲ್ಲಿದ ನೀರು ಹಿಂದಕ್ಕೆ ಬಾವಿಗಿಳಿಯದೆ ತೆಂಗಿನ ಬುಡಕ್ಕೋ ಬಾಳೆಗೋ ಹರಿಯಲು ಕಾಲುವೆ ಬೇಕು.

ಪಂಪು ಕೂರಿಸಿದ ಮೇಲೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದು ತಪ್ಪಬಾರದು. ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಪುಡಿ ಬೇಕೆಂಬುದು ಆರೋಗ್ಯ ಇಲಾಖೆಯವರೂ ಬಳಸುವ ಲೆಕ್ಕ. ಎರಡು ಮೀಟರ್ ವ್ಯಾಸದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಅದು ಸುಮಾರು 9,400 ಲೀಟರ್. ಅದಕ್ಕೆ 24 ಗ್ರಾಂ ಸಾಕು. ಪುಡಿಯನ್ನು ಬಕೆಟ್ ನೀರಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಬೆರೆಸಿ, ಒಂದು ಗಂಟೆಯಾದರೂ ಬಿಡಬೇಕು. ಸಂಶಯವಿದ್ದರೆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಬಹುದು.

ಬಳಸುತ್ತಿದ್ದರೆ ಬದುಕುತ್ತದೆ

ಹೀರುವ ಪಂಪಿನ ತಲೆಗೆ ಮೊದಲ ಸಲ ನೀರು ಹೊಯ್ಯುವಾಗ ಅದು ಕುಡಿಯುವಷ್ಟೇ ಶುದ್ಧವಾದ ನೀರಾಗಿರಬೇಕು, ಏಕೆಂದರೆ ಅದೂ ಪೈಪಿಗೇ ಸೇರುತ್ತದೆ. ಮೊದಲ ಕೆಲವು ಒತ್ತುಗಳಲ್ಲಿ ಹಿಡಿಕೆ ಹಗುರವಾಗಿ ಓಡಾಡುತ್ತದೆ, ಗಾಳಿ ಗೊರಗುಟ್ಟುತ್ತದೆ. ಆಮೇಲೆ ಕೈಗೆ ಭಾರ ಸಿಗತೊಡಗುತ್ತದೆ. ಆ ಭಾರವೇ ನೀರು ಏರುತ್ತಿದೆ ಎಂಬುದರ ಗುರುತು. ಆಗ ಜೋರಾಗಿ ಕುಟ್ಟದೆ ಉದ್ದನೆಯ ಸಮಗತಿಯ ಒತ್ತು ಕೊಟ್ಟರೆ ನೀರು ಧಾರೆಯಾಗಿ ಬೀಳುತ್ತದೆ. ಪ್ರತಿ ಬೆಳಿಗ್ಗೆ ಮತ್ತೆ ನೀರು ಹೊಯ್ಯಬೇಕಾಗಿ ಬಂದರೆ ಫುಟ್‌ವಾಲ್ವಿನಲ್ಲಿ ಮರಳು ಸಿಕ್ಕಿರಬಹುದು. ಒತ್ತು ಹಗುರವಾಗಿ ನೀರು ಕಡಿಮೆಯಾದರೆ ವಾಷರ್ ಸವೆದಿದೆ. ಹಿಡಿಕೆ ತಾನಾಗಿ ಮೇಲಕ್ಕೆ ಚಿಮ್ಮಿದರೆ ಪೈಪೋ ಜಾಲರಿಯೋ ಕಟ್ಟಿಕೊಂಡಿದೆ ಎಂದರ್ಥ.

ಮೀಸಲು ಪಂಪನ್ನು ಕೆಡಿಸುವುದು ಬಳಕೆಯಲ್ಲ, ಬಳಸದೆ ಇಡುವುದು. ಚರ್ಮದ ವಾಷರ್ ಒಣಗಿದರೆ ಮುದುಡುತ್ತದೆ, ವಾಲ್ವು ತುಕ್ಕಿಗೆ ಅಂಟಿಕೊಳ್ಳುತ್ತದೆ. ವಾರಕ್ಕೊಮ್ಮೆ ಎರಡು ಕೊಡ ನೀರು ಅದರಿಂದಲೇ ತುಂಬಿಸಿ, ತುಳಸಿಕಟ್ಟೆಗಾದರೂ ಹೊಯ್ಯಿರಿ. ವರ್ಷಕ್ಕೊಮ್ಮೆ ಕೀಲಿಗೆ ಗ್ರೀಸ್ ಹಚ್ಚಿ, ಬೋಲ್ಟು ಬಿಗಿದು, ವಾಷರ್ ನೋಡಿ. ಒಂದು ಜೊತೆ ವಾಷರ್, ಒಂದು ಸ್ಪ್ಯಾನರ್ ಮನೆಯಲ್ಲೇ ಇರಲಿ. ಮನೆಯ ಹೆಂಗಸರೂ ಮಕ್ಕಳೂ ವಾಷರ್ ಬದಲಿಸುವುದನ್ನು ಕಲಿತಿರಲಿ.

ಜಲ ಜೀವನ್ ಮಿಷನ್ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಹಾಕಿದೆ. ಐದು ಜನರ ಮನೆಗೆ 275 ಲೀಟರ್. ನಿಮಿಷಕ್ಕೆ 15 ಲೀಟರ್ ಕೊಡುವ ಕೈಪಂಪಿನಲ್ಲಿ ಅದು ಇಪ್ಪತ್ತು ನಿಮಿಷದೊಳಗಿನ ಕೆಲಸ, ಮನೆಯವರು ಹಂಚಿಕೊಂಡರೆ ಯಾರಿಗೂ ಭಾರವಲ್ಲ. ಬೆಂಗಳೂರಿನಲ್ಲಿ ಮಣ್ಣುವಡ್ಡರ ಕೈಯಿಂದ ಮತ್ತೆ ತೋಡಿಸಿಕೊಂಡ ರಿಂಗು ಬಾವಿಗಳಲ್ಲೂ ನೀರು ಹದಿನೈದಿಪ್ಪತ್ತು ಅಡಿಗೆ ನಿಲ್ಲುತ್ತಿದ್ದರೆ ಇದೇ ಪಂಪು ಸಾಕು. ಬಾವಿ ಇರುವವರು ಮೇ ತಿಂಗಳಲ್ಲಿ ಹಗ್ಗ ಇಳಿಸಿ ಒಮ್ಮೆ ಅಳೆಯಿರಿ, ಅಳತೆ ಬರೆದಿಟ್ಟುಕೊಂಡು ಊರಿನ ಪಂಪು ಮೆಕ್ಯಾನಿಕ್‌ನನ್ನು ಕರೆಯಿರಿ, ರೋಹಿಣಿ ಮಳೆಗೆ ಮೊದಲೇ ಕೆಲಸ ಮುಗಿಸಿಕೊಳ್ಳಿ.